ತೋಟದ ಯಜಮಾನಿಕೆ ಬಿಟ್ಟುಕೊಡುವುದು ಯಾವಾಗ?

ರಾಜ್ಯ ಸರ್ಕಾರದ ನೌಕರನಿಗೆ 60 ವರ್ಷ ತುಂಬಿದರೆ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ತೋಟಗಾರನಿಗೆ ಹಾಗೆ ದಿನ ಗೊತ್ತುಮಾಡುವವರು ಯಾರೂ ಇಲ್ಲ. "ಕೈಕಾಲು ಆಡುವ ತನಕ ನೋಡೋಣ" ಎನ್ನುತ್ತಲೇ ವರ್ಷಗಳು ಕಳೆಯುತ್ತವೆ. ಸಂಘದ ಮೇಜಿನ ಈಚೆ ಕುಳಿತ ನಮಗೆ ಇದರ ಫಲ ಕಾಣುತ್ತಿರುತ್ತದೆ. 78ರ ಯಜಮಾನರೊಬ್ಬರು ಬೆಳೆಸಾಲದ ಪತ್ರಕ್ಕೆ ನಡುಗುವ ಕೈಯಿಂದ ರುಜು ಹಾಕುತ್ತಾ, ಪಕ್ಕದಲ್ಲಿ ನಿಂತ 52ರ ಮಗನನ್ನು ತೋರಿಸಿ "ಹುಡುಗನಿಗೆ ಇನ್ನೂ ವ್ಯವಹಾರ ತಿಳಿಯದು" ಎಂದರು. ತಿಳಿಯಲು ಅವಕಾಶ ಕೊಟ್ಟವರಾರೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಇನ್ನೊಬ್ಬರು 63ಕ್ಕೇ ಎಲ್ಲವನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು, ಈಗ ಔಷಧದ ಚೀಟಿ ಹಿಡಿದು ಮನೆಯವರ ಮುಖ ನೋಡುತ್ತಾರೆ.

ಕೆಲಸ ಬಿಡುವುದು, ಅಧಿಕಾರ ಬಿಡುವುದು, ಆಸ್ತಿ ಬಿಡುವುದು ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದ ಈ ಎರಡು ಬಗೆಯ ತಪ್ಪೂ ಆಗುತ್ತದೆ. ಮೂರಕ್ಕೂ ಕಾಲ ಬೇರೆ ಬೇರೆ.

ಕೆಲಸದ ಮಾತನ್ನು ದೇಹವೇ ಹೇಳುತ್ತದೆ. ಧರೆ ಹತ್ತಿಳಿಯುವಾಗ ಮಂಡಿ ಹಿಡಿಯಿತೆಂದರೆ ಅದನ್ನು ನಾವು ಲೇಖನದಲ್ಲಿ ತಿಳಿಸಬೇಕಾಗಿಲ್ಲ.

ಅಧಿಕಾರದ ಮಾತು ಹಾಗಲ್ಲ. ನಮ್ಮ ಅಭಿಪ್ರಾಯದಲ್ಲಿ ಅದನ್ನು ವಯಸ್ಸಿನಿಂದ ಅಳೆಯದೆ ಮರುನಾಟಿಯಿಂದ ಅಳೆಯಬೇಕು. ಅಡಿಕೆ ಸಸಿ ಫಸಲು ತೋರಲು ಐದಾರು ವರ್ಷ ಬೇಕು, ತುಂಬು ಫಸಲಿಗೆ ಹತ್ತು ವರ್ಷದ ಆಚೀಚೆ. ಕಾಫಿ ಗಿಡ ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ. 65ರಲ್ಲಿ ಅಡಿಕೆ ಮರುನಾಟಿ ಮಾಡಿಸುವವನು ತುಂಬು ಗೊನೆ ಕಾಣುವುದು 75ಕ್ಕೆ. ಅರೇಬಿಕಾ ತೆಗೆದು ರೋಬಸ್ಟಾ ಹಾಕುವುದೋ, ಅಡಿಕೆಯ ನಡುವೆ ಮೆಣಸು ಹಬ್ಬಿಸುವುದೋ, ಸಾಲ ಎಷ್ಟು ಎತ್ತುವುದು, ಇವನ್ನೆಲ್ಲ ಆ ಫಸಲನ್ನು ಕೊಯ್ದು ಸಾಲ ತೀರಿಸಬೇಕಾದವನೇ ನಿರ್ಧರಿಸುವುದು ನ್ಯಾಯ. ಆದ್ದರಿಂದ ತೋಟದ ದೊಡ್ಡ ಭಾಗಕ್ಕೆ ಮರುನಾಟಿ ಬೇಕಾಗುವ ವರ್ಷ ಯಾವುದೋ ಅದೇ ಯಜಮಾನಿಕೆ ಬಿಡುವ ವರ್ಷವೆಂದು ಇಟ್ಟುಕೊಳ್ಳಬಹುದು. ಮಗನಿಗಾಗಲಿ ಮಗಳಿಗಾಗಲಿ ತೋಟದಲ್ಲಿ ಮನಸ್ಸಿದೆಯೇ ಎಂದು ಅದಕ್ಕೆ ಮೊದಲೇ ಬಾಯಿಬಿಟ್ಟು ಕೇಳಬೇಕು. ಬೆಂಗಳೂರಿನಲ್ಲಿರುವವರು ಬಂದೇ ಬರುತ್ತಾರೆಂದು ನಂಬಿ ಗುಂಡಿ ತೋಡಿಸಿದವರನ್ನು ನಾವು ಕಂಡಿದ್ದೇವೆ.

ವಹಿಸುವ ತಿಂಗಳು ಏಪ್ರಿಲ್ ಆಗಲಿ. ಕೊಯ್ಲು ಮುಗಿದಿರುತ್ತದೆ, ಲೆಕ್ಕದ ಹೊಸ ವರ್ಷ ಶುರುವಾಗುತ್ತದೆ, ಮುಂಗಾರಿಗೆ ಮುಂಚಿನ ಬೋರ್ಡೋ ಸಿಂಪಡಣೆಯನ್ನು ಹೊಸಬರೇ ಮಾಡಿಸಬೇಕಾಗುತ್ತದೆ. ಆಳುಗಳ ಬಟವಾಡೆ ಮತ್ತು ಗೊಬ್ಬರದ ಖರೀದಿಯನ್ನು ಮೊದಲು ಬಿಟ್ಟುಕೊಟ್ಟು, ಮಾರಾಟ ಮತ್ತು ಬ್ಯಾಂಕ್ ಖಾತೆಯನ್ನು ಆ ಮೇಲೆ ಕೊಡಬಹುದು. ಒಂದು ಪೂರ್ತಿ ವರ್ಷ ಜೊತೆಗಿದ್ದು, ಕೇಳಿದರೆ ಮಾತ್ರ ಹೇಳಬೇಕು. ನಮ್ಮ ತಂದೆಯವರು ಹಾಗೆ ಕೊಡಲಿಲ್ಲ. ಒಂದು ಆಷಾಢದಲ್ಲಿ ಅವರು ಲಕ್ವ ಹೊಡೆದು ಮಲಗಿದಾಗ ಸುಣ್ಣ ಮತ್ತು ಮೈಲುತುತ್ತದ ಅಳತೆ ನಮಗೆ ಪುಸ್ತಕದಿಂದ ಗೊತ್ತಿತ್ತು, 100 ಲೀಟರ್ ನೀರಿಗೆ ತಲಾ ಒಂದು ಕಿಲೋ. ಆದರೆ ಯಾವ ಕೊನೆಗಾರನಿಗೆ ಎಷ್ಟು ಮುಂಗಡ ಹೋಗಿದೆ, ಯಾವ ಬಸಿಗಾಲುವೆ ಮೊದಲು ಕಟ್ಟುತ್ತದೆ ಎಂಬುದು ಗೊತ್ತಿರಲಿಲ್ಲ. ಹೇಳಬೇಕಾದವರಿಗೆ ಮಾತು ನಿಂತಿತ್ತು. ಆ ವರ್ಷ ಕೊಳೆ ಅರ್ಧ ತೋಟ ತಿಂದಿತು.

ಇನ್ನು ಆಸ್ತಿ. ಇದನ್ನು ಬಿಡಲು ಅವಸರ ಬೇಡ. ಉಯಿಲು ಬರೆದವರ ಕಾಲಾನಂತರವೇ ಜಾರಿಗೆ ಬರುತ್ತದೆ. ಬದುಕಿರುವಷ್ಟು ಕಾಲ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನೋಂದಾಯಿತ ದಾನಪತ್ರವಾದರೋ ಒಮ್ಮೆ ಕೊಟ್ಟು ಅವರು ಸ್ವೀಕರಿಸಿದರೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಬರುವುದಿಲ್ಲ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ 60 ದಾಟಿದವರು ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ ರದ್ದುಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಗಳ ಮುಂದೆ. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಆ ಉದಾರತೆಯನ್ನು ನೆಚ್ಚಿಕೊಳ್ಳದೆ, ಊಟ, ವಸತಿ, ಔಷಧೋಪಚಾರದ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಬರೆಸಲು ಸಂಕೋಚಪಡುವವರೇ ಹೆಚ್ಚು. ಮಗನ ಮೇಲೆ ಅಪನಂಬಿಕೆಯೇ ಎನ್ನುತ್ತಾರೆ. ಮಗನಿಗಿಂತ ನೀವು ಮೊದಲು ಹೋದರೆ ಹೆಂಡತಿಯ ಗತಿ ಏನೆಂದು ಯೋಚಿಸಿದರೆ ಆ ಸಂಕೋಚ ಹೋದೀತು.

ಪಿತ್ರಾರ್ಜಿತ ಆಸ್ತಿಯಾದರೆ ತಂದೆಯೊಬ್ಬನೇ ಪೂರ್ತಿ ಬರೆದುಕೊಡಲು ಬರುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿ 2005ರ ತಿದ್ದುಪಡಿಯ ಮೇಲೆ ಮಗಳೂ ಹುಟ್ಟಿನಿಂದ ಮಗನಷ್ಟೇ ಹಕ್ಕುದಾರಳು. ಮದುವೆಯಾಗಿ ಹೋದವಳೆಂದು ಬಿಟ್ಟು ಮಾಡಿದ ಪಾಲುಪಟ್ಟಿ ಮುಂದೆ ಕೋರ್ಟು ಹತ್ತುತ್ತದೆ.

ಸದಸ್ಯ ಬಾಂಧವರಿಗೆ ಸಂಘದ ಕಡೆಯಿಂದ ಒಂದು ಸೂಚನೆ. ಪಹಣಿಯಲ್ಲಿ ಹೆಸರು ಬದಲಾದೊಡನೆ ಸಂಘದ ಷೇರು ತಾನಾಗಿ ವರ್ಗವಾಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಬೇಕು. ಹಳೆಯ ಬೆಳೆಸಾಲದ ಭಾರ ಪಹಣಿಯಲ್ಲಿ ಉಳಿದಿದೆಯೇ ಎಂದು ಪತ್ರ ಬರೆಸುವ ಮೊದಲೇ ನೋಡಿಕೊಳ್ಳಿ. ನಾಮನಿರ್ದೇಶನ ಮಾಡದವರೂ, ನಾಮನಿರ್ದೇಶಿತರು ತೀರಿಕೊಂಡಿರುವವರೂ ಪಾಸು ಪುಸ್ತಕದೊಡನೆ ಕಚೇರಿಗೆ ಬಂದರೆ ಅರ್ಧ ಗಂಟೆಯಲ್ಲಿ ಸರಿಪಡಿಸಿಕೊಡುತ್ತೇವೆ. ಬರುವಾಗ ಮುಂದೆ ತೋಟ ನೋಡಿಕೊಳ್ಳುವವರನ್ನೂ ಕರೆದುತನ್ನಿ.