ಮೊಣಕಾಲು ನೋವಿಗೆ ಬೈಕಿನ ಕಾಲುಪಟ್ಟಿಯೂ ಕಾರಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ವಿಜಯಪುರಕ್ಕೆ ಬೈಕಿನಲ್ಲೇ ಓಡಾಡುವವರು ಹಲವರು. ಸಿಂದಗಿಯಿಂದ ಒಂದು ಕಡೆಗೇ ಸುಮಾರು 60 ಕಿ.ಮೀ. ಮೊಣಕಾಲು ಮಡಚಿದಷ್ಟೂ ಅದರ ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ. ಬಹಳ ಹೊತ್ತು ಹಾಗೆಯೇ ಕೂತರೆ ನೋವು ಕಾಣಿಸಿಕೊಳ್ಳುತ್ತದೆ.

ದೂರ ಪ್ರಯಾಣದ ದೊಡ್ಡ ಬೈಕುಗಳಲ್ಲಿ ಪಾದವಿಡುವ ಅಗಲ ಪಟ್ಟಿಯ ಕೆಳಗೆ ಸ್ಪೇಸರ್ ಎಂಬ ಲೋಹದ ತುಂಡು ಇಟ್ಟು ಎತ್ತರಿಸುವುದುಂಟು. ಪಟ್ಟಿಗೆ ಪಾದ ಸರಿಯಾಗಿ ಎಟುಕದ ಗಿಡ್ಡ ಕಾಲಿನವರಿಗೆ ಇದು ಹಿತ. ಉದ್ದ ಕಾಲಿನವರಿಗೆ ಮೊಣಕಾಲು ಇನ್ನಷ್ಟು ಮಡಚಿ ನೋವು ಹೆಚ್ಚೀತು. ಅವರಿಗೆ ಸೀಟು ಎತ್ತರಿಸುವುದೇ ಮೇಲು. ಕುಸಿದ ಸೀಟಿಗೆ ಹೊಸ ಫೋಮ್ ಹಾಕಿಸಿದರೂ ಅನುಕೂಲವಾದೀತು.

ಮೊದಲು ಪರೀಕ್ಷಿಸಿ. ನಿಂತ ಬೈಕಿನ ಮೇಲೆ ಕುಳಿತು ಪಾದವಿಡಿ. ಮನೆಯವರು ಪಕ್ಕದಿಂದ ನೋಡಲಿ. ಮೊಣಕಾಲಿನ ಕೋನ ಪುಸ್ತಕದ ಮೂಲೆಗಿಂತ, ಅಂದರೆ 90 ಡಿಗ್ರಿಗಿಂತ, ಚೆನ್ನಾಗಿ ಬಿಚ್ಚಿಕೊಂಡಿರಬೇಕು.

ಪಟ್ಟಿ ಎತ್ತರಿಸಿದರೆ ಬ್ರೇಕ್ ಮತ್ತು ಗೇರಿನ ಪೆಡಲನ್ನೂ ಹೊಂದಿಸಬೇಕು. ತುರ್ತಿನಲ್ಲಿ ಪಾದ ತಡವರಿಸಿದರೆ ಅಪಾಯ. ವಾಷರುಗಳನ್ನು ಪೇರಿಸಬೇಡಿ; ಆ ಬೈಕಿಗೆಂದೇ ಮಾಡಿದ ಸ್ಪೇಸರ್ ಮತ್ತು ಅದಕ್ಕೆ ತಕ್ಕ ಉದ್ದದ ಬೋಲ್ಟನ್ನು ಮೆಕ್ಯಾನಿಕ್‌ರಿಂದಲೇ ಹಾಕಿಸಿ.

ಯಾವ ಪಟ್ಟಿಯಿದ್ದರೂ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ, ನೀರು ಕುಡಿಯಿರಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಿಸಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.