ಅಂಗಳಕ್ಕೊಂದು ತೇಪೆ

ಗೇಟಿನಿಂದ ಪೋರ್ಟಿಕೋವರೆಗೆ ನಮ್ಮ ಮನೆಯ ಕಾಂಕ್ರೀಟು ಮೂವತ್ತಡಿ ಉದ್ದ, ಹತ್ತಡಿ ಅಗಲ. ಹುಬ್ಬಳ್ಳಿಯ ಎರೆಮಣ್ಣಿನ ಮೇಲೆ ಇಪ್ಪತ್ತು ವರ್ಷ ಮಲಗಿದ್ದ ಅದು 2021ರ ಹೊತ್ತಿಗೆ ಐದಾರು ಕಡೆ ಸೀಳಿತ್ತು. ಕಾರಿನ ಚಕ್ರ ಹಾಯುವಲ್ಲಿ ಸೀಳಿನ ಒಂದು ಬದಿ ಅರ್ಧ ಇಂಚು ಮೇಲೆದ್ದಿತ್ತು. ಗೌಂಡಿ ಸುತ್ತಿಗೆಯಿಂದ ಬಡಿದು ನೋಡಿ, "ಸಾಹೇಬ್ರ, ಇದರ ಬುಡಾನ ಅಲ್ಲಾಡಾಕತ್ತೈತಿ. ಮ್ಯಾಲ ಎಷ್ಟು ಮೆತ್ತಿದ್ರೂ ಅಷ್ಟ" ಅಂದರು. ಒಡೆದು, ಒಂದಡಿ ಎರೆಮಣ್ಣು ತೆಗೆದು, ಗರಸು ತುಂಬಿ ಹೊಸದಾಗಿ ಹಾಕಲು 66,000 ರೂಪಾಯಿ ಹೇಳಿದರು.

ನಾನು ಪಾಲಿಮರ್ ಟಾಪಿಂಗ್ ಹಾಕಿಸಿದೆ. ಚದರಡಿಗೆ 85ರಂತೆ 25,500. ದೀಪಾವಳಿಗೆ ಬಂದವರೆಲ್ಲ ಹೊಗಳಿದರು.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ನಾಲ್ಕಿಂಚಿನ ಕಾಂಕ್ರೀಟೇ ತಡೆಯದ ಎಳೆದಾಟವನ್ನು ಹತ್ತು ಮಿಲಿಮೀಟರ್ ಪದರ ತಡೆದೀತೆ? ಮೂರನೆಯ ಮಳೆಗಾಲಕ್ಕೆ ಹಳೆಯ ಸೀಳು ಅದೇ ಗೆರೆಯಲ್ಲಿ ಮೇಲೆ ಬಂತು. ಟಾಪಿಂಗ್ ಹಪ್ಪಳದಂತೆ ಎದ್ದಿತು. ಹತ್ತು ವರ್ಷದ ವಾರಂಟಿ ಇತ್ತಲ್ಲ, ಕಾರ್ಡು ತೆಗೆದು ಓದಿದೆ: ತಳ ಕದಲಿ ಬರುವ ಬಿರುಕಿಗೆ ಅದು ಅನ್ವಯಿಸದು. ಬಿರುಕು ಇನ್ನೆಲ್ಲಿಂದ ಬರುತ್ತದಪ್ಪ, ಆಕಾಶದಿಂದಲೇ?

ಈಗ ಲೆಕ್ಕ. 25,500ನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8,500. ಹೊಸ ಕಾಂಕ್ರೀಟು ಹನ್ನೆರಡು ವರ್ಷ ಬಾಳಿದರೂ ವರ್ಷಕ್ಕೆ 5,500. ಇದಕ್ಕೆ ನನ್ನ ಭಾವಮೈದುನ, "ಉಳಿದ 40,500 ಎಫ್‌ಡಿಯಲ್ಲಿತ್ತಲ್ಲ ಭಾವ" ಅಂತಾನೆ. ಸರಿ, ಶೇ 6ರ ಚಕ್ರಬಡ್ಡಿಯಲ್ಲಿ ಮೂರು ವರ್ಷಕ್ಕೆ ಸುಮಾರು 7,700. ಅದನ್ನು ಕಳೆದರೆ ಟಾಪಿಂಗಿಗೆ ಬಿದ್ದದ್ದು 17,800. ವರ್ಷಕ್ಕೆ 5,900 ಚಿಲ್ಲರೆ. ಅಂತರ ನಾನೂರು ರೂಪಾಯಿ ಮಾತ್ರ ಎಂದು ಅವನು ನಗುತ್ತಾನೆ. ಆದರೆ ನನ್ನ ಬಳಿ ಈಗ ಉಳಿದಿರುವುದು ಹಳೆಯದರ ಜೊತೆ ಟಾಪಿಂಗನ್ನೂ ಒಡೆಯಬೇಕಾದ ಅಂಗಳ. ಗೌಂಡಿಯ ಹೊಸ ಅಂದಾಜು 88,000. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18ಕ್ಕೆ ಇಳಿದ ಮೇಲೂ ಇಷ್ಟು, ಕೂಲಿ ಇಳಿಯಲಿಲ್ಲವಲ್ಲ.

ಟಾಪಿಂಗ್ ಎಲ್ಲರಿಗೂ ಮೋಸವೇನಲ್ಲ. ತಳ ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಪುಡಿಯಾಗಿದ್ದರೆ, ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಹಾಕಿಸಬಹುದು. ಪೇವರ್ ಬಗ್ಗೆ ಕೇಳುವವರಿಗೆ: ಅದಕ್ಕೂ ಮೊದಲು ಗರಸೇ ಬೇಕು.

ಮನೆ ಕಟ್ಟುವಾಗ ಲಕ್ಷಗಟ್ಟಲೆ ಸಾಲ ಮಾಡುವ ನಾವು ಅದರ ರಿಪೇರಿಗೆಂದು ತಿಂಗಳಿಗೆ ಐನೂರು ರೂಪಾಯಿಯ ಆರ್‌ಡಿ ಕಟ್ಟುವುದಿಲ್ಲ. ಮೊಬೈಲ್ ಬದಲಿಸಲು ದುಡ್ಡು ಹೇಗೋ ಹುಟ್ಟುತ್ತದೆ, ಚರಂಡಿಗೆ ಮಾತ್ರ ಹುಟ್ಟುವುದಿಲ್ಲ. ಟಾಪಿಂಗಿನ ಬಣ್ಣದ ಕ್ಯಾಟಲಾಗು ಹಿಡಿದು ಎರಡು ಸಂಜೆ ಕೂತ ನಾನೇ ವಾರಂಟಿ ಕಾರ್ಡಿಗೆ ಎರಡು ನಿಮಿಷ ಕೊಡಲಿಲ್ಲ.

ಈ ಸಲ ಎಫ್‌ಡಿ ಮುರಿಸಿದ್ದೇನೆ. ಸಂಕ್ರಾಂತಿ ಮುಗಿದ ಮೇಲೆ ಕೆಲಸ. ಗರಸು ನಾಲ್ಕು ಬ್ರಾಸ್ ಬೇಕಂತೆ. ಆಮೇಲೆ ಹದಿನಾಲ್ಕು ದಿನ ಗೋಣಿಚೀಲ ಹಾಸಿ ನೀರು ಹಾಕಬೇಕು. ಅಲ್ಲಿಯವರೆಗೆ ಕಾರು ಬೀದಿಯಲ್ಲಿ.