ಮನೆಯ ವೈ-ಫೈ ಜಾಲದ ರಕ್ಷಣೆ

ಹೈದರಾಬಾದಿನ ಕಾಚಿಗುಡದಂತಹ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಕನ್ನಡ ಕುಟುಂಬಗಳೂ ತಲೆಮಾರುಗಳಿಂದ ನೆಲೆಸಿರುವ ಇಲ್ಲಿ ಒಂದು ಮನೆಯ ವೈ-ಫೈ ಅಲೆಗಳು ಗೋಡೆಯನ್ನು ದಾಟಿ ನೆರೆಮನೆಗೂ ಬೀದಿಗೂ ತಲುಪುತ್ತವೆ. ಬಾಗಿಲಿಗೆ ಹಾಕಿದ ಬೀಗವು ಈ ಅಲೆಗಳನ್ನು ತಡೆಯಲಾರದು. ಅವುಗಳಿಗೆ ಪ್ರತ್ಯೇಕ ರಕ್ಷಣೆ ಅಗತ್ಯ.

ಈ ವಿಷಯದಲ್ಲಿ ಉದಾಸೀನತೆಯಿಂದ ಒದಗಬಹುದಾದ ಆಪತ್ತಿಗೆ 2008ರ ಒಂದು ಪ್ರಕರಣ ನಿದರ್ಶನವಾಗಿದೆ. ಆ ವರ್ಷದ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸುವ ಕೆಲವೇ ನಿಮಿಷ ಮುನ್ನ ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತು. ಅದರ ಜಾಡು ತನಿಖೆಗಾರರನ್ನು ನವಿ ಮುಂಬಯಿಯ ಮನೆಯೊಂದಕ್ಕೆ ಕರೆದೊಯ್ದಿತು. ಅಲ್ಲಿನ ರಕ್ಷಣೆಯಿಲ್ಲದ ವೈ-ಫೈಯನ್ನು ಪರರು ಬಳಸಿಕೊಂಡಿದ್ದರು. ವಿಚಾರಣೆಯನ್ನು ಎದುರಿಸಬೇಕಾದವರು ಮಾತ್ರ ಆ ಮನೆಯವರು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈಯ ಸುರಕ್ಷಿತ ಬಳಕೆಯ ಬಗ್ಗೆ ಸೇವಾದಾರ ಸಂಸ್ಥೆಗಳಿಗೆ ಸೂಚನೆಗಳನ್ನು ನೀಡಿತು.

ರಕ್ಷಣೆಯ ಅಂಗಗಳು ಎರಡು. ಜಾಲವನ್ನು ಯಾರು ಪ್ರವೇಶಿಸಬಹುದು ಎಂಬುದನ್ನು ಪಾಸ್‌ವರ್ಡ್ ನಿರ್ಧರಿಸುತ್ತದೆ. ಗಾಳಿಯಲ್ಲಿ ಸಾಗುವ ಮಾಹಿತಿಯನ್ನು ಪರರು ಓದಲಾಗದ ರೂಪಕ್ಕೆ ಗೂಢಲಿಪೀಕರಣವು ಬದಲಿಸುತ್ತದೆ. 1997ರಲ್ಲಿ ರೂಪುಗೊಂಡ ಡಬ್ಲ್ಯೂಇಪಿ ಎಂಬ ಗೂಢಲಿಪಿ ವಿಧಾನದ ದೌರ್ಬಲ್ಯವು 2001ರಲ್ಲಿಯೇ ಬಯಲಾಯಿತು. ಆದುದರಿಂದ 2018ರಲ್ಲಿ ಬಂದ ಡಬ್ಲ್ಯೂಪಿಎ-3 ವಿಧಾನವನ್ನು, ಅದು ಲಭ್ಯವಿಲ್ಲದಿದ್ದಲ್ಲಿ 2004ರ ಡಬ್ಲ್ಯೂಪಿಎ-2 ವಿಧಾನವನ್ನು ರೂಟರಿನ ಸೆಟ್ಟಿಂಗ್‌ಗಳಲ್ಲಿ ಆರಿಸಿಕೊಳ್ಳಬೇಕು.

ಪಾಸ್‌ವರ್ಡ್ ದುರ್ಬಲವಾಗಿದ್ದರೆ ಉತ್ತಮ ಗೂಢಲಿಪಿಯೂ ನಿಷ್ಫಲ. ಮನೆಯ ಸಂಖ್ಯೆ, ದೂರವಾಣಿ ಸಂಖ್ಯೆ, ಮಕ್ಕಳ ಹೆಸರು ಇವುಗಳನ್ನು ನೆರೆಹೊರೆಯವರು ಸುಲಭವಾಗಿ ಊಹಿಸಬಲ್ಲರು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. ರೂಟರಿನ ಸೆಟ್ಟಿಂಗ್‌ಗಳನ್ನು ತೆರೆಯುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ತಯಾರಕರು ನೀಡಿದ್ದನ್ನೇ ಉಳಿಸಿಕೊಳ್ಳದೆ ಅದನ್ನೂ ಬದಲಿಸಬೇಕು. ಅತಿಥಿಗಳಿಗಾಗಿ ಪ್ರತ್ಯೇಕ ಜಾಲದ ಸೌಲಭ್ಯವಿದ್ದಲ್ಲಿ ಅದನ್ನು ಬಳಸುವುದು ಲೇಸು. ರೂಟರಿನ ತಂತ್ರಾಂಶವನ್ನು ಆಗಾಗ ನವೀಕರಿಸುವುದೂ ಅವಶ್ಯ.

ಹೈದರಾಬಾದಿನ ಸಿ-ಡ್ಯಾಕ್ ಕೇಂದ್ರವು ಭಾರತ ಸರ್ಕಾರದ ಮಾಹಿತಿ ಸುರಕ್ಷತಾ ಶಿಕ್ಷಣ ಮತ್ತು ಜಾಗೃತಿ ಯೋಜನೆಯಡಿ ಸಾರ್ವಜನಿಕರಿಗೆ ಇಂತಹ ತಿಳಿವಳಿಕೆಯನ್ನು ನೀಡುತ್ತಾ ಬಂದಿದೆ. ಆನ್‌ಲೈನ್ ವಂಚನೆಯಿಂದ ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಆದರೆ ಮನೆಯ ಜಾಲವನ್ನು ಭದ್ರಪಡಿಸಲು ಬೇಕಾಗುವುದು ಕೆಲವು ನಿಮಿಷಗಳ ಶ್ರಮ ಮಾತ್ರ. ತಾನು ಮಾಡದ ತಪ್ಪಿಗೆ ಉತ್ತರ ಹೇಳಬೇಕಾದ ಸಂಕಟವನ್ನು ಅದು ತಪ್ಪಿಸಬಲ್ಲದು.